ಮೇಲ್ ಸರ್ವರ್‌ನಲ್ಲಿ ವೈರಸ್ ಸ್ಕ್ಯಾನ್ ನಿಂತಾಗ: ಒಂದು ರಿಪೇರಿಯ ಟಿಪ್ಪಣಿ

ಬೆಳಿಗ್ಗೆ ಏಳೂಕಾಲಿಗೆ ಮೊದಲ ಫೋನ್ ಬಂತು. "ರಾತ್ರಿಯಿಂದ ಒಂದೂ ಮೇಲ್ ಬಂದಿಲ್ಲ, ಸರ್ವರ್ ಬಿದ್ದಿದೆಯಾ?" ಸರ್ವರ್ ಬಿದ್ದಿರಲಿಲ್ಲ. ಲಾಗಿನ್ ಆಯಿತು. ವೆಬ್‌ಮೇಲ್ ತೆರೆಯಿತು. ಹಳೆಯ ಮೇಲ್‌ಗಳೆಲ್ಲ ಇದ್ದಲ್ಲೇ ಇದ್ದವು. ಹೊಸದು ಮಾತ್ರ ಇಲ್ಲ. ಎಲ್ಲರ ಡಬ್ಬಿ ನೋಡಿದರೂ ಕೊನೆಯ ಮೇಲ್ ಬಂದದ್ದು ರಾತ್ರಿ 2:38ಕ್ಕೆ.

ಯಂತ್ರ ಚಿಕ್ಕದು. 2 ಜಿಬಿ ಮೆಮೊರಿಯ ವರ್ಚುವಲ್ ಮಷೀನ್, ಮೇಲೆ ಡೆಬಿಯನ್ ಎಂಬ ಲಿನಕ್ಸ್, ಸುಮಾರು ನಲವತ್ತು ಮೇಲ್‌ಬಾಕ್ಸ್. ಹೊರಗಿಂದ ಬಂದ ಮೇಲನ್ನು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ 25ನೇ ಪೋರ್ಟಿನಲ್ಲಿ, ಅಂದರೆ 25ನೇ ನಂಬರಿನ ಬಾಗಿಲಲ್ಲಿ, ತೆಗೆದುಕೊಂಡು ತನ್ನ ಕ್ಯೂನಲ್ಲಿ ಇಡುತ್ತದೆ. ಅಲ್ಲಿಂದ 10024ನೇ ಪೋರ್ಟಿನಲ್ಲಿ ಕೂತಿರುವ ಅಮಾವಿಸ್‌ಗೆ ಕೊಡುತ್ತದೆ. ಅಮಾವಿಸ್ ಮೇಲನ್ನು ಬಿಚ್ಚಿ, ಅಟ್ಯಾಚ್‌ಮೆಂಟ್‌ಗಳನ್ನು ಬೇರೆ ಬೇರೆ ಮಾಡಿ, "ಇದರಲ್ಲಿ ವೈರಸ್ ಇದೆಯಾ ನೋಡು" ಎಂದು ಕ್ಲಾಮ್‌ಎವಿ ಎಂಬ ಆಂಟಿವೈರಸ್‌ನ ಡೀಮನ್ (ಸದಾ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆದ ಕ್ಲಾಮ್‌ಡಿಯನ್ನು ಕೇಳುತ್ತದೆ. ಇಲ್ಲ ಎಂದರೆ 10025ರಲ್ಲಿ ಪೋಸ್ಟ್‌ಫಿಕ್ಸ್‌ಗೆ ವಾಪಸ್ ಕೊಡುತ್ತದೆ. ಆಮೇಲೆ ಡವ್‌ಕಾಟ್ ಅದನ್ನು ಡಬ್ಬಿಗೆ ಹಾಕುತ್ತದೆ. ಈ ದಾರಿ ತಲೆಯಲ್ಲಿ ಸ್ಪಷ್ಟವಾಗಿದ್ದರೆ ಮೇಲ್ ಎಲ್ಲಿ ನಿಂತಿದೆ ಅಂತ ಹುಡುಕುವುದು ಸುಲಭ.

ಮೊದಲು ಪೋಸ್ಟ್‌ಕ್ಯೂ ಕಮಾಂಡ್ ಕೊಟ್ಟು ಕ್ಯೂ ನೋಡಿದೆ. 612 ಮೇಲ್ ಕಾಯುತ್ತಿದ್ದವು. ಪ್ರತಿಯೊಂದರ ಕೆಳಗೂ ಒಂದೇ ಕಾರಣ: 451 4.5.0, ವೈರಸ್ ಸ್ಕ್ಯಾನ್ ಫೇಲ್, ಎಲ್ಲ ವೈರಸ್ ಸ್ಕ್ಯಾನರ್‌ಗಳೂ ಫೇಲ್.

ಅದನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನ ಆಯಿತು. 4ರಿಂದ ಶುರುವಾಗುವ ಕೋಡ್ ಅಂದರೆ "ಈಗ ಆಗಲ್ಲ, ಆಮೇಲೆ ಬಾ" ಎಂದರ್ಥ. 5ರಿಂದ ಶುರುವಾಗಿದ್ದರೆ ಮೇಲ್ ಕಳಿಸಿದವರಿಗೇ ತಿರುಗಿ ಹೋಗಿರುತ್ತಿತ್ತು. ಅಮಾವಿಸ್ ಇಲ್ಲಿ ಸರಿಯಾದ ಕೆಲಸವನ್ನೇ ಮಾಡಿತ್ತು. ನೋಡಲು ಆಗದ ಮೇಲನ್ನು ಒಳಗೂ ಬಿಟ್ಟಿಲ್ಲ, ಎಸೆದೂ ಇಲ್ಲ. ಪೋಸ್ಟ್‌ಫಿಕ್ಸ್ ಹೀಗೆ ಕಾಯುವ ಮೇಲನ್ನು ಸಾಮಾನ್ಯ ಸೆಟ್ಟಿಂಗ್‌ನಲ್ಲಿ 5 ದಿನ ಇಟ್ಟುಕೊಳ್ಳುತ್ತದೆ. ಅಂದರೆ ನನ್ನ ಕೈಯಲ್ಲಿ ಸಮಯ ಇತ್ತು.

ಆದರೆ ಫೋನ್ ಮಾಡುವವರಿಗೆ ಅಷ್ಟು ಸಮಯ ಇರುವುದಿಲ್ಲ. ಎರಡನೇ ಫೋನಿನಲ್ಲೇ ಸಲಹೆ ಬಂತು: "ಸ್ಕ್ಯಾನಿಂಗ್ ಆಫ್ ಮಾಡಿಬಿಡಿ, ಮೇಲ್ ಬರಲಿ, ಆಮೇಲೆ ನಿಧಾನವಾಗಿ ನೋಡಿದರಾಯಿತು ಅಲ್ವಾ?" ಅಮಾವಿಸ್‌ನ ಒಂದು ಫೈಲಿನಲ್ಲಿ ಬೈಪಾಸ್ ಸಾಲು ಇದೆ. ಅದನ್ನು ಬದಲಾಯಿಸಿದರೆ ಎರಡು ನಿಮಿಷದಲ್ಲಿ ಮೇಲ್ ಹರಿಯುತ್ತದೆ. ನಾನು ಮಾಡಲಿಲ್ಲ. ರಾತ್ರಿಯಿಡೀ ಬಂದ 612 ಮೇಲ್‌ಗಳನ್ನು ನೋಡದೆ ಒಮ್ಮೆಲೇ ನಲವತ್ತು ಜನರ ಡಬ್ಬಿಗೆ ಸುರಿಯುವುದು ತಪ್ಪು. ಒಮ್ಮೆ ಡಬ್ಬಿಗೆ ಹೋದ ಮೇಲನ್ನು ಯಾರು ಯಾವಾಗ ತೆರೆದರು ಅಂತ ಆಮೇಲೆ ಹಿಂದೆ ಓಡಲು ಆಗುವುದಿಲ್ಲ. "ಮೇಲ್ ಯಾವುದೂ ಕಳೆದಿಲ್ಲ, ಮಧ್ಯಾಹ್ನದೊಳಗೆ ಎಲ್ಲ ಬರುತ್ತದೆ" ಎಂದು ಎಲ್ಲರಿಗೂ ಒಂದು ಮೆಸೇಜ್ ಹಾಕಿ ಕೆಲಸಕ್ಕೆ ಕೂತೆ. ಆ ಒಂದು ಮೆಸೇಜಿನಿಂದ ಫೋನ್ ಬರುವುದು ನಿಂತಿತು.

ಸ್ಕ್ಯಾನಿಂಗ್ ತೆಗೆಯಲೇಬೇಕಾದ ಸಂದರ್ಭ ಬಂದವರಿಗೆ ಒಂದು ಮಾತು. ಪೋಸ್ಟ್‌ಫಿಕ್ಸ್ ಕಡೆಯಿಂದ, ಮೇಲನ್ನು ಅಮಾವಿಸ್‌ಗೆ ಕಳಿಸುವ ಕಂಟೆಂಟ್ ಫಿಲ್ಟರ್ ಸಾಲನ್ನು ತೆಗೆದರೆ ಅದು ಹೊಸ ಮೇಲ್‌ಗಳಿಗೆ ಮಾತ್ರ ಅನ್ವಯ ಆಗುತ್ತದೆ. ಕ್ಯೂನಲ್ಲಿ ಆಗಲೇ ಕೂತಿರುವ ಮೇಲ್‌ಗಳ ಜೊತೆ "ಇದನ್ನು ಅಮಾವಿಸ್‌ಗೆ ಕೊಡು" ಎಂಬ ಗುರುತು ಉಳಿದುಕೊಂಡಿರುತ್ತದೆ. ಪೋಸ್ಟ್‌ಸೂಪರ್ ಕಮಾಂಡಿನಿಂದ ಅವನ್ನೆಲ್ಲ ಮತ್ತೆ ಕ್ಯೂಗೆ ಹಾಕಿದರೆ ಮಾತ್ರ ಆ ಗುರುತು ಹೋಗುತ್ತದೆ. ಇದು ಗೊತ್ತಿಲ್ಲದೆ "ಫಿಲ್ಟರ್ ತೆಗೆದರೂ ಮೇಲ್ ಹೋಗ್ತಿಲ್ಲ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ ಜನ.

ಈಗ ಅಮಾವಿಸ್‌ನ ಲಾಗ್. ಇಲ್ಲಿ ಅವಸರ ಮಾಡಬಾರದು, ಏಕೆಂದರೆ ಕ್ಲಾಮ್‌ಡಿ ಜೊತೆ ಮಾತಾಡಲು ಆಗಲಿಲ್ಲ ಎಂಬುದನ್ನು ಅದು ಬೇರೆ ಬೇರೆ ರೀತಿ ಹೇಳುತ್ತದೆ. ಒಂದೊಂದು ರೀತಿಗೂ ಒಂದೊಂದು ಕಥೆ. ಅವೆರಡೂ ಮಾತಾಡುವ ದಾರಿಯಾದ ಸಾಕೆಟ್ ಫೈಲೇ ಇಲ್ಲ ಎಂದರೆ ಕ್ಲಾಮ್‌ಡಿ ಶುರುವೇ ಆಗಿಲ್ಲ, ಅಥವಾ ಸರಿಯಾಗಿ ಮುಚ್ಚಿಕೊಂಡು ಹೋಗಿದೆ, ಅಥವಾ ಅಮಾವಿಸ್ ಮತ್ತು ಕ್ಲಾಮ್‌ಡಿ ಎರಡರ ಸೆಟ್ಟಿಂಗ್‌ನಲ್ಲಿ ಸಾಕೆಟ್‌ನ ದಾರಿ ಬೇರೆ ಬೇರೆ ಇದೆ. ಪರ್ಮಿಷನ್ ಇಲ್ಲ ಎಂದರೆ ಕ್ಲಾಮ್‌ಡಿ ಬದುಕಿದೆ, ಬಾಗಿಲು ಮಾತ್ರ ಹಾಕಿದೆ. ಸಂಪರ್ಕ ಆಗಿಯೂ ಉತ್ತರದಲ್ಲಿ "ಎಲ್‌ಸ್ಟಾಟ್ ಫೇಲ್, ಪರ್ಮಿಷನ್ ಡಿನೈಡ್" ಎಂದು ಬಂದರೆ ಕ್ಲಾಮ್‌ಡಿಗೆ ಅಮಾವಿಸ್‌ನ ತಾತ್ಕಾಲಿಕ ಫೋಲ್ಡರನ್ನು ಓದಲು ಆಗುತ್ತಿಲ್ಲ. ಆಗ ಕ್ಲಾಮ್‌ಎವಿ ಬಳಕೆದಾರನನ್ನು ಅಮಾವಿಸ್ ಗುಂಪಿಗೆ ಸೇರಿಸಿ ಕ್ಲಾಮ್‌ಡಿಯನ್ನು ರೀಸ್ಟಾರ್ಟ್ ಮಾಡಬೇಕು. ಅಷ್ಟಾದರೂ ಸರಿ ಹೋಗದಿದ್ದರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಾಯುವ ಆಪ್‌ಆರ್ಮರ್ ತಡೆಯುತ್ತಿದೆಯಾ ಎಂದು ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಲಾಗಿನಲ್ಲಿ ನೋಡಬೇಕು.

ನನ್ನ ಲಾಗಿನಲ್ಲಿ ಇದ್ದದ್ದು ಇವ್ಯಾವುವೂ ಅಲ್ಲ. "ಕನೆಕ್ಷನ್ ರೆಫ್ಯೂಸ್ಡ್" ಎಂದಿತ್ತು. ಸಾಕೆಟ್ ಫೈಲ್ ಇದೆ, ಆದರೆ ಆ ಕಡೆ ಕೇಳಲು ಯಾರೂ ಇಲ್ಲ. ಕ್ಲಾಮ್‌ಡಿ ತಾನಾಗಿ ನಿಂತಿದ್ದರೆ ಹೋಗುವಾಗ ಆ ಫೈಲನ್ನು ಅಳಿಸಿ ಹೋಗುತ್ತಿತ್ತು. ಫೈಲ್ ಉಳಿದಿದೆ ಎಂದರೆ ಅದನ್ನು ಅಳಿಸಲೂ ಸಮಯ ಸಿಕ್ಕಿಲ್ಲ. ಯಾರೋ ಕೊಂದಿದ್ದಾರೆ. (ನನ್ನ ಯಂತ್ರದಲ್ಲಿ ಸಾಕೆಟ್ಟನ್ನು ಕ್ಲಾಮ್‌ಡಿಯೇ ತೆರೆಯುತ್ತದೆ. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತೆರೆದಿಡುವ ಕಡೆ ಈ ಲೆಕ್ಕ ಬೇರೆ.)

ಸರ್ವಿಸ್‌ನ ಸ್ಟೇಟಸ್ ಅದನ್ನೇ ಹೇಳಿತು: ಸಿಗ್ನಲ್ 9ರಿಂದ, ಅಂದರೆ ಬಲವಂತವಾಗಿ ಕೊಲ್ಲುವ ಆದೇಶದಿಂದ, ಸತ್ತಿದೆ. ಕರ್ನಲ್ ಲಾಗ್ ತೆಗೆದೆ. 2:41ಕ್ಕೆ ಒಂದು ಸಾಲು: ಔಟ್ ಆಫ್ ಮೆಮೊರಿ, ಕ್ಲಾಮ್‌ಡಿ ಪ್ರೊಸೆಸ್ಸನ್ನು ಕೊಲ್ಲಲಾಗಿದೆ. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಜಾಸ್ತಿ ತಿನ್ನುತ್ತಿರುವವರನ್ನು ಹುಡುಕಿ ಕೊಲ್ಲುತ್ತದೆ. ಮೇಲ್ ಸರ್ವರ್‌ನಲ್ಲಿ ಅದು ಹೆಚ್ಚಾಗಿ ಕ್ಲಾಮ್‌ಡಿಯೇ ಆಗಿರುತ್ತದೆ.

ಹಾಗಾದರೆ ಶುರು ಮಾಡಿದರಾಯಿತು ಎಂದುಕೊಂಡು ಕ್ಲಾಮ್‌ಡಿಯನ್ನು ಸ್ಟಾರ್ಟ್ ಮಾಡಿದೆ. ಮುಕ್ಕಾಲು ನಿಮಿಷ ಸಿಗ್ನೇಚರ್ (ವೈರಸ್‌ಗಳ ಗುರುತು) ಡೇಟಾಬೇಸ್ ಓದುತ್ತಾ ಇತ್ತು, ಮತ್ತೆ ಸತ್ತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಸತ್ತಿತು. ಈ ಸಲ ಅದೇ ಯಂತ್ರದಲ್ಲಿ ಬೇರೆಯಾಗಿ ಓಡುವ ಡೇಟಾಬೇಸ್ ಸರ್ವರ್ ಕೂಡ ಒಂದು ಗಳಿಗೆ ಉಸಿರು ಕಟ್ಟಿತು.

ಇಲ್ಲಿ ಕೈ ಕಟ್ಟಿ ಕೂತು ಯೋಚನೆ ಮಾಡಿದೆ. ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಟಾಪ್ ತೆರೆದು ಮೆಮೊರಿ ಲೆಕ್ಕದಲ್ಲಿ ಜೋಡಿಸಿ ನೋಡಿದೆ. ಮೇಲೆ ಎರಡು ಪ್ರೊಸೆಸ್, ಎರಡರ ಹೆಸರೂ ಕ್ಲಾಮ್‌ಸ್ಕ್ಯಾನ್. ಇವೇ ಕಾರಣ.

ಅಮಾವಿಸ್‌ನಲ್ಲಿ ಸ್ಕ್ಯಾನರ್‌ಗಳ ಎರಡು ಪಟ್ಟಿ ಇರುತ್ತದೆ. ಮೊದಲ ಪಟ್ಟಿಯಲ್ಲಿ ಕ್ಲಾಮ್‌ಡಿ. ಅದು ಸಿಗದಿದ್ದರೆ ಎರಡನೇ ಪಟ್ಟಿಯಲ್ಲಿರುವ ಕ್ಲಾಮ್‌ಸ್ಕ್ಯಾನ್ ಎಂಬ ಕಮಾಂಡನ್ನು ಓಡಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕ್ಲಾಮ್‌ಡಿ ಸಿಗ್ನೇಚರ್ ಡೇಟಾಬೇಸನ್ನು ಒಮ್ಮೆ ಮೆಮೊರಿಗೆ ತುಂಬಿಕೊಂಡು ದಿನವಿಡೀ ಅದನ್ನೇ ಬಳಸುತ್ತದೆ. ಕ್ಲಾಮ್‌ಸ್ಕ್ಯಾನ್ ಹಾಗಲ್ಲ. ಒಂದೊಂದು ಮೇಲ್‌ಗೂ ಇಡೀ ಡೇಟಾಬೇಸನ್ನು ಹೊಸದಾಗಿ ಓದುತ್ತದೆ. ನನ್ನ ಅಮಾವಿಸ್ ಒಂದೇ ಸಲಕ್ಕೆ ಎರಡು ಮೇಲ್ ನೋಡುತ್ತದೆ. ಅಂದರೆ ಎರಡು ಕ್ಲಾಮ್‌ಸ್ಕ್ಯಾನ್, ಒಂದೊಂದಕ್ಕೂ ಒಂದು ಜಿಬಿಗಿಂತ ಜಾಸ್ತಿ ಮೆಮೊರಿ, ಅದೂ 2 ಜಿಬಿಯ ಯಂತ್ರದಲ್ಲಿ. ಅವು ಮುಗಿಸುವ ಮೊದಲೇ ಕರ್ನಲ್ ಅವನ್ನೂ ಕೊಲ್ಲುತ್ತಿತ್ತು. ಪೋಸ್ಟ್‌ಫಿಕ್ಸ್ ಮತ್ತೆ ಮೇಲ್ ಕೊಡುತ್ತಿತ್ತು, ಅಮಾವಿಸ್ ಮತ್ತೆ ಎರಡನ್ನು ಓಡಿಸುತ್ತಿತ್ತು. ಈ ಗದ್ದಲದ ನಡುವೆ ಕ್ಲಾಮ್‌ಡಿಗೆ ಎದ್ದು ನಿಲ್ಲಲು ಜಾಗವೇ ಇರಲಿಲ್ಲ. ಲಾಗಿನಲ್ಲಿ "ಎಲ್ಲ ಸ್ಕ್ಯಾನರ್‌ಗಳೂ ಫೇಲ್" ಎಂದು ಬಂದಿದ್ದು ಇದಕ್ಕೇ.

ಆದ್ದರಿಂದ ಕ್ರಮ ಬದಲಾಯಿಸಿದೆ. ಮೊದಲು ಅಮಾವಿಸ್ ನಿಲ್ಲಿಸಿದೆ. ಹಾಗೆ ಮಾಡಿದರೆ ಮೇಲ್‌ಗೆ ಏನೂ ಆಗುವುದಿಲ್ಲ. 10024ರಲ್ಲಿ ಯಾರೂ ಇಲ್ಲ ಎಂದು ಪೋಸ್ಟ್‌ಫಿಕ್ಸ್ ಅದನ್ನು ಕ್ಯೂನಲ್ಲೇ ಇಟ್ಟುಕೊಳ್ಳುತ್ತದೆ. ಉಳಿದ ಕ್ಲಾಮ್‌ಸ್ಕ್ಯಾನ್‌ಗಳು ಹೋದವಾ ಎಂದು ನೋಡಿ, ಆಮೇಲೆ ಕ್ಲಾಮ್‌ಡಿ ಒಂದನ್ನೇ ಶುರು ಮಾಡಿದೆ. ಈ ಸಲ ನಿಂತಿತು. ಸರ್ವಿಸ್ "ಆಕ್ಟಿವ್" ಎಂದು ತೋರಿಸಿದ ಕೂಡಲೇ ನಂಬಬಾರದು. ಡೇಟಾಬೇಸ್ ಓದಿ ಮುಗಿಸುವವರೆಗೆ ಅದು ಉತ್ತರ ಕೊಡುವುದಿಲ್ಲ. ಸಾಕೆಟ್‌ಗೆ ನೆಟ್‌ಕ್ಯಾಟ್ ಕಮಾಂಡಿನಿಂದ "ಪಿಂಗ್" ಎಂದು ಕಳಿಸಿದರೆ ಅದು "ಪಾಂಗ್" ಎನ್ನಬೇಕು. ಐವತ್ತು ಸೆಕೆಂಡಿನ ನಂತರ ಪಾಂಗ್ ಬಂತು. ಆಗ ಅಮಾವಿಸ್ ಶುರು ಮಾಡಿದೆ.

ಪೋಸ್ಟ್‌ಫಿಕ್ಸ್ ತಾನಾಗಿ ಮತ್ತೆ ಪ್ರಯತ್ನಿಸುತ್ತದೆ. ಆದರೆ ಒಂದು ಮೇಲ್ ಎಷ್ಟು ಹೊತ್ತು ಕಾದಿದೆಯೋ ಅದರ ಪ್ರಕಾರ ಎರಡು ಪ್ರಯತ್ನಗಳ ನಡುವಿನ ಅಂತರವೂ ಬೆಳೆಯುತ್ತದೆ, 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ. ಸುಮ್ನೆ ಬಿಟ್ಟರೆ ಕೆಲವು ಮೇಲ್ ಇನ್ನೂ ಒಂದು ಗಂಟೆ ಬರುವುದಿಲ್ಲ. ಪೋಸ್ಟ್‌ಕ್ಯೂನಿಂದ ಕ್ಯೂ ಪೂರ್ತಿ ಫ್ಲಶ್ ಮಾಡಿದೆ, ಅಂದರೆ ಎಲ್ಲವನ್ನೂ ಈಗಲೇ ಕಳಿಸಲು ಹೇಳಿದೆ. ಅಮಾವಿಸ್ ಎರಡೆರಡೇ ತೆಗೆದುಕೊಳ್ಳುವುದರಿಂದ ನೂಕುನುಗ್ಗಲು ಆಗಲಿಲ್ಲ. ಅರ್ಧ ಗಂಟೆಯಲ್ಲಿ ಕ್ಯೂ ಖಾಲಿ. ಅದರಲ್ಲಿ ಮೂರು ಮೇಲ್‌ಗಳಲ್ಲಿ ನಿಜವಾಗಿ ವೈರಸ್ ಸಿಕ್ಕಿತು. ಬೈಪಾಸ್ ಮಾಡಿದ್ದರೆ ಆ ಮೂರೂ ಯಾರದೋ ಡಬ್ಬಿಯಲ್ಲಿ ಇರುತ್ತಿದ್ದವು.

ಗಂಟೆ ಒಂಬತ್ತೂವರೆ. ಮೇಲ್ ಹರಿಯುತ್ತಿದೆ. ಇಲ್ಲಿಗೆ ನಿಲ್ಲಿಸಿದ್ದರೆ ಅದೇ ರಾತ್ರಿ ಮತ್ತೆ ಬೀಳುತ್ತಿತ್ತು. ಇನ್ನೂರು ದಿನ ತೊಂದರೆ ಇಲ್ಲದೆ ಓಡಿದ ಯಂತ್ರ ನಿನ್ನೆ ರಾತ್ರಿಯೇ ಯಾಕೆ ಬಿತ್ತು ಎಂಬುದಕ್ಕೆ ನನಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಫ್ರೆಶ್‌ಕ್ಲಾಮ್‌ನ ಲಾಗ್ ತೆಗೆದೆ. ಸಿಗ್ನೇಚರ್ ಅಪ್‌ಡೇಟ್ ತರುವುದು ಅದರ ಕೆಲಸ. 2:40ಕ್ಕೆ ಡೈಲಿ ಡೇಟಾಬೇಸ್ ಹೊಸದಾಗಿದೆ, ಕ್ಲಾಮ್‌ಡಿಗೆ ತಿಳಿಸಲಾಗಿದೆ ಎಂದಿತ್ತು. 2:41ಕ್ಕೆ ಕರ್ನಲ್ ಕೊಂದಿದೆ. ಎರಡೂ ಲಾಗ್ ಪಕ್ಕಪಕ್ಕ ಇಟ್ಟರೆ ಬೇರೆ ಏನೂ ಹೇಳಬೇಕಾಗಿಲ್ಲ.

ಕ್ಲಾಮ್‌ಎವಿ 0.103ರಿಂದ ಡೇಟಾಬೇಸ್ ರೀಲೋಡ್ ಆಗುವ ರೀತಿ ಬದಲಾಯಿತು. ಅದಕ್ಕೂ ಮೊದಲು ರೀಲೋಡ್ ಮುಗಿಯುವವರೆಗೆ ಸ್ಕ್ಯಾನ್ ನಿಲ್ಲುತ್ತಿತ್ತು. ಈಗ ಹಳೆಯ ಡೇಟಾಬೇಸ್ ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಹಳೆಯದನ್ನು ಬಿಡುತ್ತದೆ. ಸ್ಕ್ಯಾನ್ ಒಂದು ಕ್ಷಣವೂ ನಿಲ್ಲುವುದಿಲ್ಲ. ಆದರೆ ಆ ಹೊತ್ತಿಗೆ ಮೆಮೊರಿ ಎರಡು ಪಟ್ಟು ಬೇಕು. ನನ್ನ ಯಂತ್ರದಲ್ಲಿ ಕ್ಲಾಮ್‌ಡಿ 1.2 ಜಿಬಿ ತಿನ್ನುತ್ತಿತ್ತು. ರೀಲೋಡ್ ಹೊತ್ತಿಗೆ 2.4.

2 ಜಿಬಿಯಲ್ಲಿ 2.4 ಹಿಡಿಸುವುದಿಲ್ಲ. ಹಾಗಾದರೆ ಇಷ್ಟು ದಿನ ಹೇಗೆ ಹಿಡಿಸಿತು?

ಫ್ರೀ ಕಮಾಂಡ್ ಉತ್ತರ ಕೊಟ್ಟಿತು. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಸಾಲಿನಲ್ಲಿ ಸೊನ್ನೆ. ಈ ಯಂತ್ರಕ್ಕೆ 2 ಜಿಬಿ ಸ್ವಾಪ್ ಫೈಲ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಡಿಸ್ಕಿನಲ್ಲಿ ನೋಡಿದರೆ ಫೈಲ್ ಅಲ್ಲೇ ಇದೆ. ಅಂದು ಅದನ್ನು ಕಮಾಂಡ್ ಕೊಟ್ಟು ಚಾಲೂ ಮಾಡಿದ್ದೆ, ಬೂಟ್ ಆಗುವಾಗ ಯಂತ್ರ ಓದುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದಿರಲಿಲ್ಲ. ಹಿಂದಿನ ಸಂಜೆ ಕರ್ನಲ್ ಅಪ್‌ಡೇಟ್ ಆಗಿ ಯಂತ್ರ ರೀಬೂಟ್ ಆಗಿತ್ತು. ರೀಬೂಟ್ ಆದ ಮೇಲೆ ಸ್ವಾಪ್ ಇಲ್ಲ. ಸ್ವಾಪ್ ಇಲ್ಲದ ಮೇಲೆ ಮೊದಲ ರೀಲೋಡಿಗೇ ಕ್ಲಾಮ್‌ಡಿ ಹೋಯಿತು. ಇನ್ನೂರು ದಿನದ ಹಿಂದಿನ ತಪ್ಪು ಅಷ್ಟು ದಿನ ಕಾದು ನಿನ್ನೆ ಸಿಕ್ಕಿತು.

ಎಫ್‌ಎಸ್‌ಟ್ಯಾಬ್‌ನಲ್ಲಿ ಸಾಲು ಬರೆದೆ, ಸ್ವಾಪ್ ಚಾಲೂ ಮಾಡಿದೆ. ಆದರೆ ಅಷ್ಟಕ್ಕೆ ನನಗೆ ತೃಪ್ತಿ ಆಗಲಿಲ್ಲ. ಒಂದು ಸ್ವಾಪ್ ಫೈಲಿನ ಮೇಲೆ ನಲವತ್ತು ಜನರ ಮೇಲ್ ನಿಂತಿರುವುದು ಸರಿಯಲ್ಲ. ಕ್ಲಾಮ್‌ಡಿಯ ಸೆಟ್ಟಿಂಗ್ ಫೈಲಿನಲ್ಲಿ ಕನ್‌ಕರೆಂಟ್ ಡೇಟಾಬೇಸ್ ರೀಲೋಡ್ ಎಂಬ ಸಾಲಿಗೆ "ನೋ" ಕೊಟ್ಟೆ. ಈಗ ರೀಲೋಡ್ ಹೊತ್ತಿಗೆ ಹಳೆಯದನ್ನು ಮೊದಲು ಬಿಟ್ಟು ಆಮೇಲೆ ಹೊಸದನ್ನು ತುಂಬುತ್ತದೆ. ಅಷ್ಟು ಹೊತ್ತು ಸ್ಕ್ಯಾನ್ ಕಾಯಬೇಕು. ಮೇಲ್‌ಗೆ ಒಂದು ನಿಮಿಷ ತಡ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡ ಸರ್ವರ್ ನಡೆಸುವವರು ಈ ಸಾಲನ್ನು ಮುಟ್ಟದೆ ಮೆಮೊರಿ ಹಾಕಿಸುವುದೇ ಒಳ್ಳೆಯದು. ನಾನೂ ಮುಂದಿನ ವಾರ 4 ಜಿಬಿ ಮಾಡಿಸಿದೆ.

ರಾತ್ರಿ ಅಪ್‌ಡೇಟ್ ಬರುವವರೆಗೆ ಕಾಯಬೇಕಾಗಿಲ್ಲ. ಕ್ಲಾಮ್‌ಡಿಸ್ಕ್ಯಾನ್ ಕಮಾಂಡಿಗೆ ರೀಲೋಡ್ ಎಂಬ ಆಯ್ಕೆ ಇದೆ. ಒಂದು ಕಿಟಕಿಯಲ್ಲಿ ಮೆಮೊರಿ ಲೆಕ್ಕ ಓಡಿಸುತ್ತಾ ಇನ್ನೊಂದರಲ್ಲಿ ಅದನ್ನು ಕೊಟ್ಟೆ. ಮೆಮೊರಿ ಇಳಿಯಿತು, ಮತ್ತೆ ಏರಿತು, 1.2ರಲ್ಲೇ ನಿಂತಿತು. ಐದು ಸಲ ಮಾಡಿದೆ, ಐದೂ ಸಲ ಹಾಗೇ.

ಕ್ಲಾಮ್‌ಸ್ಕ್ಯಾನ್ ಇರುವ ಎರಡನೇ ಪಟ್ಟಿಯನ್ನು ಅಮಾವಿಸ್‌ನಿಂದ ತೆಗೆದುಬಿಟ್ಟೆ. ಇದನ್ನು ಕೆಲವರು ಒಪ್ಪಲಿಕ್ಕಿಲ್ಲ. ಮೆಮೊರಿ ಧಾರಾಳ ಇರುವ ಯಂತ್ರದಲ್ಲಿ ಅದು ಇರಲಿ. ಚಿಕ್ಕ ಯಂತ್ರದಲ್ಲಿ ಅದು ಬಿದ್ದವನ ಮೇಲೆ ಇನ್ನಿಬ್ಬರು ಬಿದ್ದ ಹಾಗೆ ಎಂದು ಆ ಬೆಳಿಗ್ಗೆ ನೋಡಿದೆ. ಕ್ಲಾಮ್‌ಡಿ ಇಲ್ಲದಿದ್ದರೆ ಮೇಲ್ ಕ್ಯೂನಲ್ಲಿ ಕಾಯಲಿ.

ಸರ್ವಿಸ್ ಫೈಲಿಗೆ ಒಂದು ಓವರ್‌ರೈಡ್ ಬರೆದು, ಸತ್ತರೆ ಒಂದು ನಿಮಿಷ ಬಿಟ್ಟು ತಾನಾಗಿ ಏಳುವ ಹಾಗೆ ಮಾಡಿದೆ. ಯಾರನ್ನು ಕೊಲ್ಲಬೇಕೆಂದು ಕರ್ನಲ್ ಹಾಕುವ ಅಂಕವನ್ನು, ಕ್ಲಾಮ್‌ಡಿಯನ್ನು ಕೊಲ್ಲದ ಹಾಗೆ, ಬದಲಾಯಿಸುವ ಸೌಲಭ್ಯವೂ ಇದೆ. ಅದನ್ನು ಬೇಕೆಂದೇ ಬಿಟ್ಟೆ. ಕ್ಲಾಮ್‌ಡಿ ಉಳಿದರೆ ಅದರ ಬದಲು ಡವ್‌ಕಾಟ್ ಅಥವಾ ಡೇಟಾಬೇಸ್ ಸಾಯುತ್ತದೆ. ಅದು ಇನ್ನೂ ಕೆಟ್ಟದ್ದು.

ನಡುವೆ ಒಂದು ಸಣ್ಣ ವಿಷಯ. ಫ್ರೆಶ್‌ಕ್ಲಾಮನ್ನು ಕೈಯಿಂದ ಓಡಿಸಿದರೆ "ಲಾಗ್ ಫೈಲನ್ನು ಲಾಕ್ ಮಾಡಲು ಆಗಲಿಲ್ಲ" ಎಂದು ಬೈಯುತ್ತದೆ. ಅದು ದೋಷ ಅಲ್ಲ. ಹಿನ್ನೆಲೆಯಲ್ಲಿ ಫ್ರೆಶ್‌ಕ್ಲಾಮ್ ಆಗಲೇ ಓಡುತ್ತಿದೆ ಎಂದರ್ಥ. ಇಂಥ ಗಾಬರಿಯಲ್ಲಿ ಡೇಟಾಬೇಸ್ ಫೋಲ್ಡರನ್ನು ಖಾಲಿ ಮಾಡಿ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ. ಜಾಸ್ತಿ ಸಲ ಕೇಳಿದರೆ ಆ ಕಡೆಯಿಂದ 429 ಎಂಬ ಉತ್ತರ ಬರುತ್ತದೆ, ಸ್ವಲ್ಪ ಕಾಲ ಏನೂ ಸಿಗುವುದಿಲ್ಲ. ಡೆಬಿಯನ್‌ನಲ್ಲಿ ಡೇಟಾಬೇಸ್ ಫೈಲ್ ಇಲ್ಲದಿದ್ದರೆ ಕ್ಲಾಮ್‌ಡಿಯ ಸರ್ವಿಸ್ ಶುರು ಆಗುವುದೇ ಇಲ್ಲ. ಆಗ ನಿಜವಾಗಿ ಕೈ ಕಟ್ಟಿದಂತೆ. ತೀರಾ ಹಳೆಯ ಆವೃತ್ತಿ ಇಟ್ಟುಕೊಂಡವರೂ ಎಚ್ಚರ ಇರಬೇಕು. 2010ರ ಏಪ್ರಿಲ್‌ನಲ್ಲಿ 0.94 ಮತ್ತು ಅದಕ್ಕೂ ಹಳೆಯ ಆವೃತ್ತಿಗಳು ನಿಂತುಹೋಗುವಂಥ ಅಪ್‌ಡೇಟನ್ನು ಕ್ಲಾಮ್‌ಎವಿ ತಂಡವೇ ಮೊದಲೇ ತಿಳಿಸಿ ಬಿಟ್ಟಿತ್ತು. ಸೂಚನೆ ನೋಡದವರ ಮೇಲ್ ಸರ್ವರ್‌ಗಳಲ್ಲಿ ಅಂದು ಇದೇ ರೀತಿ ಕ್ಯೂ ತುಂಬಿತು.

ಕೊನೆಗೆ ಪರೀಕ್ಷೆ. ಪಾಂಗ್ ಬಂದರೆ ಸಾಲದು, ವೈರಸ್ ಹಿಡಿಯುತ್ತದಾ ನೋಡಬೇಕು. ಅದಕ್ಕೆಂದೇ ಐಕಾರ್ ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಸ್ಕ್ಯಾನರ್‌ಗಳು ಅದನ್ನು ವೈರಸ್ ಎಂದೇ ಗುರುತಿಸಬೇಕು ಎಂಬುದು ಒಪ್ಪಂದ. ಅದನ್ನು ಲಗತ್ತಿಸಿ ನನ್ನದೇ ಖಾತೆಯಿಂದ ನನಗೇ ಮೇಲ್ ಕಳಿಸಿದೆ.

ಅದು ನೆಟ್ಟಗೆ ಇನ್‌ಬಾಕ್ಸಿಗೆ ಬಂತು.

ಅಷ್ಟು ಹೊತ್ತಿನ ಕೆಲಸ ಎಲ್ಲ ನೀರಿಗೆ ಬಿತ್ತಾ ಅನ್ನಿಸಿತು. ಲಾಗ್ ನೋಡಿದರೆ ಆ ಮೇಲಿನ ಬಗ್ಗೆ ಅಮಾವಿಸ್ ಒಂದು ಸಾಲೂ ಬರೆದಿಲ್ಲ. ಹಿಡಿಯಲಿಲ್ಲ ಅಲ್ಲ, ನೋಡಿಯೇ ಇಲ್ಲ. ಹೊರಗಿನ ಬೇರೊಂದು ಖಾತೆಯಿಂದ ಕಳಿಸಿದೆ. ಆಗ ಸರಿಯಾಗಿ ತಡೆದು ಕ್ವಾರಂಟೈನ್‌ಗೆ ಹಾಕಿತು. ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಸೆಟ್ಟಿಂಗ್ ಫೈಲ್ ತೆರೆದು ನೋಡಿದರೆ, ಲಾಗಿನ್ ಆಗಿ ಮೇಲ್ ಕಳಿಸುವ 587ನೇ ಪೋರ್ಟಿನ ಕೆಳಗೆ ಕಂಟೆಂಟ್ ಫಿಲ್ಟರನ್ನು ಖಾಲಿ ಮಾಡುವ ಸಾಲು ಇತ್ತು. ಅಂದರೆ ನಮ್ಮವರು ಕಳಿಸುವ ಮೇಲನ್ನು ಈ ಸರ್ವರ್ ಎಂದೂ ಸ್ಕ್ಯಾನ್ ಮಾಡಿಯೇ ಇರಲಿಲ್ಲ. ಯಾರದ್ದಾದರೂ ಪಾಸ್‌ವರ್ಡ್ ಕದ್ದು ಹೋದರೆ ವೈರಸ್ ಹೊರಡುವುದು ಇದೇ ಬಾಗಿಲಿನಿಂದ. ಆ ಸಾಲು ತೆಗೆದೆ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದೆ, ಮತ್ತೆ ಕಳಿಸಿದೆ. ಈ ಸಲ ತಡೆಯಿತು. ಸ್ಕ್ಯಾನರ್ ಸಾಯದೇ ಇದ್ದಿದ್ದರೆ ಈ ತೂತು ಇನ್ನೆಷ್ಟು ವರ್ಷ ಹಾಗೇ ಇರುತ್ತಿತ್ತೋ.

ಉಳಿದದ್ದು ಎಚ್ಚರಿಕೆ ಗಂಟೆ. ಕ್ಯೂ ಪಟ್ಟಿಯಲ್ಲಿ 2:45ಕ್ಕೆ ನನ್ನ ಹೆಸರಿಗೇ ಬಂದ ಒಂದು ಮೇಲ್ ಇತ್ತು: ಕ್ಲಾಮ್‌ಡಿ ನಿಂತಿದೆ ಎಂದು ಅದೇ ಯಂತ್ರದ ಕಾವಲು ಸ್ಕ್ರಿಪ್ಟ್ ಕಳಿಸಿದ್ದು. ಅದೂ ಸ್ಕ್ಯಾನರ್‌ಗಾಗಿ ಕಾಯುತ್ತಾ ಅಲ್ಲೇ ಕೂತಿತ್ತು. ಮೇಲ್ ಸರ್ವರ್‌ನ ಕಾಯಿಲೆಯನ್ನು ಅದೇ ಮೇಲ್ ಸರ್ವರ್‌ನಿಂದ ತಿಳಿಸಬಾರದು. ಈಗ ಬೇರೆ ಯಂತ್ರದಲ್ಲಿರುವ ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ಇಲ್ಲಿಗೆ ಬಂದು ನಾಲ್ಕು ವಿಷಯ ನೋಡುತ್ತದೆ: ಪಾಂಗ್ ಬರುತ್ತದಾ, ಕ್ಯೂ ನೂರು ದಾಟಿದೆಯಾ, ಸ್ವಾಪ್ ಚಾಲೂ ಇದೆಯಾ, ಸಿಗ್ನೇಚರ್ ಎರಡು ದಿನಕ್ಕಿಂತ ಹಳೆಯದಾಗಿದೆಯಾ. ಏನಾದರೂ ತಪ್ಪಿದರೆ ನನ್ನ ಫೋನಿಗೆ ಎಸ್‌ಎಂಎಸ್ ಬರುತ್ತದೆ.

ಸಂಜೆ ಎಲ್ಲರೂ ಹೋದ ಮೇಲೆ ಯಂತ್ರವನ್ನು ಬೇಕೆಂದೇ ಒಮ್ಮೆ ರೀಬೂಟ್ ಮಾಡಿದೆ. ಸ್ವಾಪ್ ತಾನಾಗಿ ಬಂತು. ಕ್ಲಾಮ್‌ಡಿ ಎದ್ದಿತು. ಐಕಾರ್ ಮೇಲ್ ಎರಡೂ ಕಡೆಯಿಂದ ತಡೆಯಲ್ಪಟ್ಟಿತು. ಮರುದಿನ ಬೆಳಿಗ್ಗೆ ಲಾಗ್ ತೆಗೆದು 2:40ರ ಸಾಲು ಹುಡುಕಿದೆ. ಹೊಸ ಡೈಲಿ ಬಂದಿತ್ತು, ಕ್ಲಾಮ್‌ಡಿಗೆ ತಿಳಿಸಿತ್ತು. ಐವತ್ತೆರಡು ಸೆಕೆಂಡಿನ ನಂತರ ಡೇಟಾಬೇಸ್ ಸರಿಯಾಗಿ ರೀಲೋಡ್ ಆಗಿದೆ ಎಂಬ ಸಾಲು. ಅದರ ಕೆಳಗೆ 2:43ಕ್ಕೆ ಒಂದು ಮೇಲ್, ಪಾಸ್ಡ್ ಕ್ಲೀನ್.